ಇಬ್ಬರೂ ಬಿಟ್ಟ ಕೆರೆ

ಗಾಜಿನ ಮೇಜಿನ ಮೇಲೆ ಎರಡು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿದಾಗ ನಡುವೆ ಎಲೆಯಾಕಾರದ ಒಂದು ಬಿಳಿ ಜಾಗ ಉಳಿಯಿತು. ಮೇಲಿನ ಹಾಳೆ ಗುಬ್ಬಿ ತಾಲ್ಲೂಕಿನ ಕೊನೆಯ ಹಳ್ಳಿಯದು, ಕೆಳಗಿನದು ಕುಣಿಗಲ್ ತಾಲ್ಲೂಕಿನ ಮೊದಲ ಹಳ್ಳಿಯದು. ಮೇಜಿನಡಿಯ ಟ್ಯೂಬ್‌ಲೈಟಿನ ಬೆಳಕು ಕಾಗದವನ್ನು ತೂರಿ ಬಂದು ಹೊಲದ ಗೆರೆ, ಬಂಡಿದಾರಿ, ಬಾಂದುಕಲ್ಲಿನ ಗುರುತು ಎಲ್ಲವನ್ನೂ ನೀರಿನ ಮೇಲೆ ಬಿಟ್ಟಂತೆ ತೇಲಿಸುತ್ತಿತ್ತು. ಆ ಎಲೆಯೊಳಗೆ ಮಾತ್ರ ಏನೂ ತೇಲುತ್ತಿರಲಿಲ್ಲ. ಪಹಣಿ ತೆಗೆಸಿ ನೋಡಿದೆ. ‘ಸರ್ಕಾರಿ ಖರಾಬು’, ಅಂದರೆ ಸಾಗುವಳಿಗೆ ಬಾರದ ಸರ್ಕಾರಿ ನೆಲ ಎಂದಷ್ಟೇ ಇತ್ತು. ನಾನೂ ಹಾಗೆಯೇ ಬರೆದುಕೊಂಡು ಮುಂದಿನ ಹಾಳೆಗೆ ಹೋದೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಅದು 2003ರ ಚಳಿಗಾಲ. ತುಮಕೂರಿನಲ್ಲಿ ಅಮಾನಿಕೆರೆಯ ಕಡೆಗೆ ಕಿಟಕಿಗಳಿದ್ದ ಒಂದು ಮಹಡಿಯ ಹಾಲಿನಲ್ಲಿ ನಮ್ಮ ನಕ್ಷೆಯ ಕೋಣೆ ಇತ್ತು. ಜಿಲ್ಲೆಯ ಏಳು ಇಲಾಖೆಗಳು ತಮ್ಮ ತಮ್ಮ ನಕ್ಷೆಗಳನ್ನು ತಂದು ಅಲ್ಲಿ ಸುರಿದಿದ್ದವು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ತಾಲ್ಲೂಕುಗಳಿಗೆ ಏಳೂ ಜನ ಒಪ್ಪುವ ಒಂದೇ ಮೂಲ ನಕ್ಷೆ ಮಾಡುವುದು ಕೆಲಸ. ಗಡಿ, ರಸ್ತೆ, ನೀರು, ನೆಲದ ಎತ್ತರ, ಊರುಗಳ ಜಾಗ, ಊರುಗಳ ಹೆಸರು ಇಷ್ಟನ್ನು ಒಮ್ಮೆ ಒಪ್ಪಿಬಿಟ್ಟರೆ ಆಮೇಲೆ ಯಾರೇ ಬೋರ್‌ವೆಲ್ ಕೊರೆಯಲಿ, ಗಿಡ ನೆಡಲಿ, ರಸ್ತೆ ಹಾಕಲಿ, ಅದೇ ನಕ್ಷೆಯ ಮೇಲೆ ಯೋಜನೆ ಬರೆಯಬೇಕು. ಕಡತದ ಮೇಲೆ ‘ಸುಸ್ಥಿರ ಅಭಿವೃದ್ಧಿಗಾಗಿ ಸಾಮಾನ್ಯ ಮೂಲ ಭೂಮಾಹಿತಿ’ ಎಂದು ಬರೆದಿತ್ತು. ಈ ಐದು ಪದಗಳಲ್ಲಿ ಬೆರಳಿಟ್ಟು ತೋರಿಸುವಂಥದ್ದು ಒಂದೂ ಇಲ್ಲವಲ್ಲ ಎಂದು ನಾನು ಮೊದಲ ದಿನವೇ ತಕರಾರು ತೆಗೆದಿದ್ದೆ. ನಮ್ಮ ಸಂಯೋಜಕರು ನಿವೃತ್ತಿಗೆ ಹತ್ತಿರವಿದ್ದ ಸಮಾಧಾನದ ಮನುಷ್ಯ. ಕನ್ನಡಕ ಒರೆಸಿಕೊಳ್ಳುತ್ತಾ ಅವರು ಹೇಳಿದ್ದು ಇಷ್ಟೇ: “ಅರ್ಥ ಆಮೇಲ್ ಹುಡ್ಕೋಣ ಮೇಡಂ. ಮೊದ್ಲು ಬೆಳ್ಳಾವಿ ಎಲ್ಲಿದೆ ಅಂತ ಒಪ್ಕೊಳ್ಳೋಣ.”

ಅವರು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಮೇಜಿನ ಮೇಲೆ ಮೂರು ಬೆಳ್ಳಾವಿಗಳಿದ್ದವು, ಒಂದಕ್ಕೊಂದು ಕೂಗಳತೆಯ ದೂರದಲ್ಲಿ. ಒಬ್ಬರ ನಕ್ಷೆಯ ರಸ್ತೆ ಇನ್ನೊಬ್ಬರ ನಕ್ಷೆಯ ಹಳ್ಳದೊಳಗೇ ಹರಿಯುತ್ತಿತ್ತು. ಯಡಿಯೂರಿನ ದೇವಸ್ಥಾನ ಒಂದು ಹಾಳೆಯಲ್ಲಿ ಹೆದ್ದಾರಿಯ ಈಚೆಗಿದ್ದರೆ ಇನ್ನೊಂದರಲ್ಲಿ ಆಚೆಗೆ ದಾಟಿತ್ತು. ಕೆಲಸದ ಕ್ರಮ ಸರಳ. ಹಳೆಯ ಗ್ರಾಮನಕ್ಷೆಯನ್ನು ಡಿಜಿಟೈಸರ್ ಹಲಗೆಗೆ ಅಂಟಿಸುವುದು, ನೆಲದ ಮೇಲೂ ಕಾಗದದ ಮೇಲೂ ಇರುವ ನಾಲ್ಕು ಗಟ್ಟಿ ಗುರುತುಗಳನ್ನು, ಅಂದರೆ ಸೇತುವೆಯನ್ನೋ ಬಾಂದುಕಲ್ಲನ್ನೋ, ಹಿಡಿದು ಹಾಳೆಯನ್ನು ಭೂಮಿಗೆ ಕೂರಿಸುವುದು, ಆಮೇಲೆ ಕೈಯಲ್ಲಿನ ಗುಂಡಿಯಂಥ ಸಾಧನ ಹಿಡಿದು ಗೆರೆಗಳ ಮೇಲೆ ನಿಧಾನವಾಗಿ ನಡೆಯುವುದು. ದಿನವಿಡೀ ಹಾಗೆ ಗೆರೆಗಳ ಮೇಲೆ ನಡೆದು ಸಂಜೆ ಎದ್ದರೆ ಮಂಡಿಪೇಟೆಯ ರಸ್ತೆಯೂ ಒಂದು ಗೆರೆಯಂತೆ ಕಾಣುತ್ತಿತ್ತು. ಅದರ ಮೇಲಿನ ಜನ, ಸೈಕಲ್ಲು, ಈರುಳ್ಳಿ ಮೂಟೆ ಯಾವುದಕ್ಕೂ ತೂಕವಿದೆ ಅನಿಸುತ್ತಿರಲಿಲ್ಲ.

ಹಳೆಯ ಹಾಳೆಗಳನ್ನು ಓದಬಲ್ಲವರು ಕೋಣೆಯಲ್ಲಿ ಒಬ್ಬರೇ. ಊರ್ಡಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ನಕ್ಷೆಗಾರರು. ಅವರನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು. ಬಿಳಿ ಗಡ್ಡ, ಜೇಬಿನಲ್ಲಿ ಮೂರು ಪೆನ್ಸಿಲ್ಲು, ಮೂರಕ್ಕೂ ಸೂಜಿಯಂಥ ಮೊನೆ. ನಾನು ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಿದ್ದೆನಾದ್ದರಿಂದ ನನಗೆ ವಕೀಲಮ್ಮ ಎಂದು ಹೆಸರಿಟ್ಟಿದ್ದರು.

“ವಕೀಲಮ್ಮ, ಗೆರೆ ಯಾಕ್ ಹಿಂಗ್ ಬಾಗಿದೆ ಅಂತ ಕೇಳ್ಬೇಡಮ್ಮ. ಬರ್ದೋನು ಬದುಕಿಲ್ಲ.”

“ಹಾಗಾದ್ರೆ ಅದನ್ನ ಯಾಕೆ ನಂಬ್ಬೇಕು ಸಾಹೇಬ್ರೆ?”

“ನಂಬ್ಬೇಡ. ಸುಮ್ನೆ ನಕಲು ಮಾಡು. ನಂಬೋದಕ್ಕೆ ಬೇರೆ ಸಂಬಳ ಕೊಡಲ್ಲ.”

ತಿಂಗಳು ಕಳೆಯುವಷ್ಟರಲ್ಲಿ ಗಡಿ ಮುಗಿಯಿತು, ರಸ್ತೆ ಮುಗಿಯಿತು. ನೀರಿಗೆ ಬಂದು ನಿಂತೆವು. ಕೆರೆ ಎಂದರೆ ಯಾವುದು? ಏಳು ಇಲಾಖೆಯವರು ಇದೇ ಪ್ರಶ್ನೆಯ ಸುತ್ತ ಮೂರು ಸಭೆ ಕೂತರು. ನೀರಾವರಿಯ ಇಂಜಿನಿಯರಿಗೆ ಕೋಡಿ ಮಟ್ಟಕ್ಕೆ ನೀರು ನಿಂತರೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಕೆರೆ. ಭೂಮಾಪನದ ಅಧಿಕಾರಿಗೆ ದಾಖಲೆಯಲ್ಲಿ ಕೆರೆ ಅಂಗಳ ಎಂದಿದ್ದರೆ ಕೆರೆ, ಇಲ್ಲದಿದ್ದರೆ ಬರೀ ತಗ್ಗು. ಗಿಡ ನೆಡುವವರಿಗೆ ತಾವು ನೆಟ್ಟ ಜಾಲಿ ಬದುಕಿಕೊಂಡಿದ್ದರೆ ಅದು ನೆಡುತೋಪು. ಹಿಂದಿನ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಉಪಗ್ರಹದ ಚಿತ್ರದಲ್ಲಿ ಅರ್ಧಕ್ಕರ್ಧ ಕೆರೆಗಳು ಕಂದು ಬಣ್ಣದ ಬಟ್ಟಲುಗಳಾಗಿದ್ದವು.

ನಾಲ್ಕನೆಯ ಸಭೆಯಲ್ಲಿ ನಾನು ಎದ್ದು ನಿಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲಷ್ಟೇ ತಿಳಿಯುತ್ತಿತ್ತು. ಯಾವ ಪಕ್ಷ ಬಂದರೂ ಗೆಲ್ಲುವ ಅಭ್ಯಾಸವಾಗಿತ್ತು ನನಗೆ. ಮೂರು ಸಾಕ್ಷಿಗಳನ್ನು ಹಿಡಿಯೋಣ ಎಂದೆ: ಹಳೆಯ ಗ್ರಾಮನಕ್ಷೆ, ಕೇಂದ್ರ ಸರ್ಕಾರದ ಅಳತೆಯವರ ಅಚ್ಚಾದ ನಕ್ಷೆ, ಉಪಗ್ರಹದ ಚಿತ್ರ. ಮೂರರಲ್ಲಿ ಎರಡು ಹೌದೆಂದರೆ ಕೆರೆ, ಇಲ್ಲವಾದರೆ ಅಲ್ಲ. ಯಾವ ಇಲಾಖೆಯ ಮಾತೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಊರಿನವರನ್ನು ಕೇಳುವುದು ಬೇಡವೇ ಎಂದು ಇಂಜಿನಿಯರು ಕೇಳಿದರು. ಊರಿನವರು ತಮಗೆ ಬೇಕಾದ್ದನ್ನು ಹೇಳುತ್ತಾರೆ, ಬೇಕು ಎನ್ನುವುದು ಸಾಕ್ಷಿಯಾಗುವುದಿಲ್ಲ ಎಂದೆ.

“ಗೆದ್ರಿ ಬಿಡಿ ಮೇಡಂ,” ಎಂದರು ಇಂಜಿನಿಯರು, ಅರ್ಧ ಬೇಸರದಲ್ಲಿ.

ಏಳೂ ಜನ ಸಹಿ ಹಾಕಿದರು. ಎಂಟನೆಯದಾಗಿ, ನಕ್ಷೆಯ ನೀರಿನ ಪದರವನ್ನು ಸಿದ್ಧಪಡಿಸಿದವಳು ಎಂದು ನನ್ನ ಸಹಿ. ಆ ವಾರ ನಾನು ಕಂಪ್ಯೂಟರಿಗೆ ನಿಯಮ ಊಡಿಸಿದೆ. ಪರದೆಯ ಮೇಲೆ ಕೆರೆಗಳು ಒಂದೊಂದಾಗಿ ನೀಲಿಯಾಗಿ ಮೂಡಿದವು. ಬೆಳಗಿನ ಜಾವ ಯಾರೋ ಮನೆಮನೆಯ ಕಿಟಕಿ ತೆರೆಯುತ್ತಾ ಹೋದಂತೆ. ನೋಡುತ್ತಾ ಕೂತುಬಿಟ್ಟೆ.

ಆ ನಕ್ಷೆಯ ಮೊದಲ ಉಪಯೋಗ ಕಸಕ್ಕೆ. ಪಟ್ಟಣದ ಕಸ ಸುರಿಯಲು ಕಾಯಂ ಜಾಗ ಹುಡುಕುತ್ತಿದ್ದ ಸಮಿತಿಯೊಂದು ನಮ್ಮನ್ನು ಕೇಳಿತ್ತು. ಸರ್ಕಾರಿ ಭೂಮಿಯಾಗಿರಬೇಕು, ಕೆರೆ ಕುಂಟೆ ಆಗಿರಬಾರದು, ಊರಿಂದ ಇಂತಿಷ್ಟು ದೂರವಿರಬೇಕು, ಲಾರಿ ಹೋಗುವ ದಾರಿ ಹತ್ತಿರವಿರಬೇಕು. ನಾಲ್ಕು ಷರತ್ತನ್ನೂ ಕೊಟ್ಟೆ. ಮೂರು ಜಾಗ ಬಂದವು. ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತಿದ್ದದ್ದು ಗುಬ್ಬಿ-ಕುಣಿಗಲ್ ಗಡಿಯ ಆ ಎಲೆಯಾಕಾರದ ಬಿಳಿ. ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಅದರ ಸುತ್ತ ಕೆಂಪು ಗೆರೆ ಎಳೆದು, ಮೇಜಿನ ಮೇಲೆ ಹರಡಿದೆ. ಸಮಿತಿಯ ಮುಂದೆ ಹೋಗಲು ಹತ್ತು ದಿನವಿತ್ತು.

ಸಾಹೇಬ್ರು ಚಹಾ ಲೋಟ ಹಿಡಿದು ಬಂದವರು ಹಾಳೆಯನ್ನು ನೋಡಿ ಹಾಗೇ ನಿಂತರು. ಲೋಟದಲ್ಲಿ ಕೆನೆ ಕಟ್ಟುವವರೆಗೂ ನಿಂತರು.

“ಇಲ್ಲೇನೋ ಇತ್ತಮ್ಮ.”

“ಏನಿತ್ತು?”

“ಹಾಳೆ ತೆಗಿ. ಎರಡೂ ತೆಗಿ.”

ಎರಡೂ ಗ್ರಾಮನಕ್ಷೆಗಳನ್ನು ತೆಗೆದುಕೊಟ್ಟೆ. ಮೇಜಿನಡಿಯ ಬೆಳಕನ್ನು ಆರಿಸು ಎಂದರು. ಹಾಳೆಗಳನ್ನು ಎತ್ತಿಕೊಂಡು ಪಶ್ಚಿಮದ ಕಿಟಕಿಗೆ ಹೋದರು. ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಬರುತ್ತಿತ್ತು. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತಟ್ಟೆಯಲ್ಲಿನ ನೀರು ಚೆಲ್ಲದಂತೆ ಹಿಡಿದ ಹಾಗೆ, ಬಲು ನಿಧಾನವಾಗಿ ವಾಲಿಸಿದರು. ಖಾಲಿ ಕಾಗದದ ಮೇಲೆ ಒಂದು ಗೆರೆ ಮೂಡಿತು. ಬಣ್ಣವಿಲ್ಲ, ಮಸಿಯಿಲ್ಲ. ಬರೀ ನೆರಳಿನ ಗೆರೆ. ಗಟ್ಟಿ ಪೆನ್ಸಿಲಿನ ಮೊನೆ ಕಾಗದದಲ್ಲಿ ಕೊರೆದಿದ್ದ ಕೂದಲೆಳೆಯಷ್ಟು ತಗ್ಗು. ಅದು ಬಾಗುತ್ತಾ, ಒಳಸರಿಯುತ್ತಾ, ಹಾಳೆಯ ಅಂಚಿಗೆ ಬಂದು ನಿಂತಿತು. ಕೆರೆಯ ದಡ.

ಸಾಹೇಬ್ರು ಹೇಳಿದ್ದನ್ನು ನಾನು ಆಮೇಲೆ ಹಲವು ಸಲ ಯೋಚಿಸಿದ್ದೇನೆ. ಅವರು ಇಪ್ಪತ್ತೆಂಟರ ಯುವಕರಾಗಿದ್ದಾಗ ಹರಿದುಹೋಗಿದ್ದ ಹಳೆಯ ಗ್ರಾಮನಕ್ಷೆಗಳನ್ನೆಲ್ಲ ಹೊಸದಾಗಿ ನಕಲು ತೆಗೆಯಲಾಗಿತ್ತಂತೆ. ಗುಬ್ಬಿಯ ಹಾಳೆಗಳು ಇವರ ಪಾಲಿಗೆ, ಕುಣಿಗಲ್ಲಿನವು ಇನ್ನೊಬ್ಬ ನಕ್ಷೆಗಾರರ ಪಾಲಿಗೆ. ಆ ಕೋಣೆಯಲ್ಲೊಂದು ಪದ್ಧತಿ. ಎರಡು ತಾಲ್ಲೂಕಿಗೂ ಸೇರಿದ ಗಡಿಕೆರೆಗೆ ಮೊದಲು ಇಬ್ಬರೂ ಪೆನ್ಸಿಲ್ಲಿನಲ್ಲಷ್ಟೇ ಬರೆಯಬೇಕು. ಆಚೆಯವರು ಮಸಿ ಹಾಕಿದ ಮೇಲೆ ಈಚೆಯವರು ಹಾಕಬೇಕು. ತಾನೇ ಮೊದಲು ಮಸಿ ಹಾಕಿದರೆ ನೀರು ತನ್ನದೆಂದು ಹೇಳಿದ ಹಾಗಾಗುತ್ತದೆ, ಅದು ಮರ್ಯಾದೆಯಲ್ಲ.

“ನಾನು ಅವ್ರು ಹಾಕ್ಲಿ ಅಂತ ಬಿಟ್ಟೆ. ಅವ್ರು ನಾನು ಹಾಕ್ಲಿ ಅಂತ ಬಿಟ್ರು. ಇಬ್ರೂ ಒಳ್ಳೆಯವ್ರೇ ನೋಡು. ಆಮೇಲೆ ಹಾಳೆ ಸಾಫ್ ಮಾಡೋ ದಿನ ಬಂತು. ಒಣ ಬ್ರೆಡ್ಡಿನ ಪುಡಿ ಹಾಕಿ ತಿಕ್ತಿದ್ವಿ. ಪೆನ್ಸಿಲ್ ಎಲ್ಲಾ ಹೋಯ್ತು. ಮಸಿ ಇರೋದಷ್ಟೇ ಉಳೀತು.” ಗೆರೆಯ ತಿರುವಿನ ಮೇಲೆ ಬೆರಳಿಟ್ಟು ಹೇಳಿದರು, “ಇದು ನನ್ನ ಕೈಯೇ ಅಮ್ಮ. ಈ ತಿರುವು ನೋಡು, ನಾನು ಹಿಂಗೇ ತಿರುಗ್ಸೋದು.”

ಆ ತಿರುವನ್ನು ಬಗ್ಗಿ ನೋಡಿದೆ. ಆದರೂ ಬಾಯಿ ಸುಮ್ಮನಿರಲಿಲ್ಲ. “ಸಾಹೇಬ್ರೆ, ಇದು ತಗ್ಗು. ಗೆರೆ ಅಲ್ಲ. ಮೂರು ಸಾಕ್ಷಿಯಲ್ಲಿ ಅಚ್ಚಾದ ನಕ್ಷೆ ಒಂದರಲ್ಲೇ ಕೆರೆ ಇದೆ. ಉಪಗ್ರಹದಲ್ಲಿ ಬರೀ ಜಾಲಿ. ನಿಮ್ಮ ನೆನಪು ನಾಲ್ಕನೇ ಸಾಕ್ಷಿ ಆಗಲ್ಲ.”

“ಆಗಲ್ಲ,” ಎಂದು ಒಪ್ಪಿಕೊಂಡರು. “ಹೋಗಿ ನೋಡೋಣ ಬಾ.”

ಎರಡು ದಿನ ಬಿಟ್ಟು ಗುಬ್ಬಿಯ ಬಸ್ಸು ಹತ್ತಿದೆವು. ಅಲ್ಲಿಂದ ಟೆಂಪೊ, ಟೆಂಪೊ ಇಳಿದ ಮೇಲೆ ನಡಿಗೆ. ನನ್ನ ಚೀಲದಲ್ಲಿ ಅಂಗೈಯಗಲದ ಜಿಪಿಎಸ್ ಯಂತ್ರ ಮತ್ತು ಇಂಜಿನಿಯರಿಂದ ಕೇಳಿ ತಂದ ಕೈಮಟ್ಟದ ಕೊಳವೆ. ಒಂದು ಕಣ್ಣಿನಿಂದ ನೋಡಿದರೆ ಒಳಗೆ ಗುಳ್ಳೆ ಮತ್ತು ಅಡ್ಡ ಎಳೆ ಕಾಣುತ್ತದೆ. ಗುಳ್ಳೆ ನಡುವೆ ನಿಂತಾಗ ಎಳೆಗೆ ಸಿಕ್ಕಿದ್ದು ನಮ್ಮ ಕಣ್ಣಿನಷ್ಟೇ ಎತ್ತರದಲ್ಲಿದೆ ಎಂದರ್ಥ. ಸಾಹೇಬ್ರ ಚೀಲದಲ್ಲಿ ಬಿಸ್ಕತ್ತು.

ಮಂಜು ಇನ್ನೂ ಎದ್ದಿರಲಿಲ್ಲ. ಹತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ. ಯಂತ್ರದ ಪರದೆಯಲ್ಲಿ ನಮ್ಮ ಚುಕ್ಕೆ ನಾನೇ ಬರೆದ ಬಿಳಿಯ ಕಡೆಗೆ ತೆವಳುತ್ತಿತ್ತು. ಚುಕ್ಕೆ ಬಿಳಿಯೊಳಗೆ ಕಾಲಿಟ್ಟಾಗ ನಾವೂ ಬಿಳಿಯೊಳಗೇ ನಿಂತಿದ್ದೆವು. ಕಾಗದದ ಮೇಲೆ ಖಾಲಿ ಬಿಟ್ಟದ್ದರೊಳಗೆ ನಡೆಯುವುದು ಹೀಗಿರುತ್ತದೆಯೇ ಎಂದುಕೊಂಡೆ. ಮುಖಕ್ಕೆ ತಣ್ಣಗೆ ಹನಿ ತಾಗುತ್ತಿತ್ತು, ಜಾಲಿಯ ಮುಳ್ಳು ಚೂಡಿದಾರದ ಅಂಚು ಹಿಡಿದೆಳೆಯುತ್ತಿತ್ತು. ಆಮೇಲೆ ಎದುರಿಗೆ ಉದ್ದನೆಯ ಕಪ್ಪು ಏರಿಯೊಂದು ಎದ್ದು ಬಂತು. ಅದರ ಮೇಲೆ ಒಬ್ಬ ಹೆಂಗಸು ಕೂತು ಕತ್ತಿಯಿಂದ ಗಿಡ ಸವರುತ್ತಿದ್ದರು.

“ಯಾರವ್ವ ನೀವು? ವೋಟಿನೋರಾ?”

“ಅಲ್ಲ. ನಕ್ಷೆಯವ್ರು.”

“ವೋಟಿನೋರಾದ್ರೆ ಹತ್ತಿರದೋರು ಬರೋರು. ನೀವು ದೂರದೋರು ಬುಡಿ,” ಎಂದು ಪಕ್ಕಕ್ಕೆ ಸರಿದು ಕೂರಲು ಕಲ್ಲು ತೋರಿಸಿದರು.

ಆಕೆ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವ ಕೆಲಸ. ಮಾವನದಾಗಿತ್ತು, ಆಮೇಲೆ ಗಂಡನದಾಯಿತು, ಗಂಡ ತೀರಿಕೊಂಡ ಮೇಲೆ ಇವರದಾಯಿತು. ಎರಡು ವರ್ಷದಿಂದ ಹಾಯಿಸಲು ನೀರಿಲ್ಲ. ಆದರೂ ತೂಬಿನ ಬಾಯಿಯಲ್ಲಿ ಬೆಳೆದ ಗಿಡ ಸವರಿ, ಮೆಟ್ಟಿಲ ಮೇಲಿನ ಹೂಳು ಬಾಚಿಟ್ಟಿದ್ದರು.

“ನೀರೇ ಇಲ್ವಲ್ಲ,” ಎಂದೆ. “ಕೆರೆ ಇದೆ ಅಂತ ಹೆಂಗೆ ಹೇಳ್ತೀರಾ?”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಭಾನುವಾರ ನಿಮ್ಮಾಫೀಸ್ನಾಗೆ ಯಾರೂ ಇರಕಿಲ್ಲ ಅಲ್ವರಾ?”

“ಇರಲ್ಲ.”

“ಅವತ್ತು ಆಫೀಸೇ ಇಲ್ಲ ಅಂತೀರಾ?”

ಸಾಹೇಬ್ರು ಗಡ್ಡದೊಳಗೇ ನಕ್ಕರು. ನನ್ನ ಚರ್ಚೆಗಳಲ್ಲಿ ಇಷ್ಟು ಚುಟುಕಾಗಿ ಯಾರೂ ನನ್ನನ್ನು ಕೂರಿಸಿರಲಿಲ್ಲ. ಆದರೂ ಉಪಮೆ ಸಾಕ್ಷಿಯಲ್ಲ ಎಂದು ಮನಸ್ಸಿನಲ್ಲೇ ಟಿಪ್ಪಣಿ ಹಾಕಿಕೊಂಡೆ. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ತೋರಿಸುತ್ತೀರಾ ಎಂದು ಕೇಳಿದೆ.

ಆಕೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ನಾನು ಕೋಡಿಯ ಕಲ್ಲಿನ ಮೇಲೆ ನಿಂತೆ. ಹೆಚ್ಚಾದ ನೀರು ಹರಿದು ಹೋಗುವ ಜಾಗ ಅದು. ನೀರು ಅದಕ್ಕಿಂತ ಮೇಲೆ ಏರುವಂತಿಲ್ಲ. ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿದೆವು. ಆಕೆ ನೀರಿನ ಅಂಚು ಎಂದು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಸಾಹೇಬ್ರು ಕೋಲು ಊರಬೇಕು, ನಾನು ಕೊಳವೆಯಲ್ಲಿ ನೋಡಬೇಕು. ಬಟ್ಟೆ ಅಡ್ಡ ಎಳೆಯ ಮೇಲೆ ಕೂತರೆ ಆಕೆ ನಿಂತದ್ದು ನಿಜಕ್ಕೂ ಕೋಡಿಯ ಮಟ್ಟ. ಎಳೆ ತಪ್ಪಿದರೆ ಆಕೆಯ ಮಾತು ತಪ್ಪು. ತಪ್ಪಲಿ ಎಂದು ನನ್ನೊಳಗಿನ ಯಾರೋ ಕಾಯುತ್ತಿದ್ದರು. ಸುಳ್ಳೇಕೆ ಹೇಳಲಿ.

ಮಂಜು ಎಳೆಎಳೆಯಾಗಿ ಏಳುತ್ತಿತ್ತು. ಮೊದಲ ಕಡೆ ಆಕೆ ಒಂದು ಹುತ್ತದ ಪಕ್ಕ ನಿಂತರು. ಗುಳ್ಳೆ ನಡುವೆ ಬಂತು, ಎಳೆಯ ಮೇಲೆ ಕೆಂಪು. ಎರಡನೆಯ ಕಡೆಯೂ ಕೆಂಪು. ಮೂರನೆಯ ಕಡೆ ನಾಲ್ಕು ಬೆರಳು ಕೆಳಗಿತ್ತು. ಅಲ್ಲಿ ಹೂಳು ತೋಡಿಕೊಂಡು ಹೋಗಿದ್ದಾರೆ ಎಂದು ನಾನು ಕೇಳುವ ಮೊದಲೇ ಆಕೆ ಕೂಗಿ ಹೇಳಿದರು. ದೂರವಾದಂತೆ ಕೊಳವೆಯಲ್ಲಿ ಬಟ್ಟೆ ಕಾಣದಾಯಿತು. ನಾನು ಕಂಡುಕೊಂಡ ಮಟ್ಟದ ಜಾಗಕ್ಕೆ ಹೋಗಿ ನಿಂತು, ಅಲ್ಲಿಂದ ಮುಂದಕ್ಕೆ ನೋಡುತ್ತಾ ಅವರ ಹಿಂದೆ ಹೊರಟೆ. ಹೆಜ್ಜೆ ಹೆಜ್ಜೆಗೂ ಯಂತ್ರದಲ್ಲಿ ಚುಕ್ಕೆ ಒತ್ತಿದೆ. ಹೀಗೆ ನಾವು ಮೂವರೂ ಇಲ್ಲದ ನೀರಿನ ದಡ ಹಿಡಿದು ನಡೆದೆವು. ಎಡಕ್ಕೆ ಜಾಲಿಯ ಪೊದೆ, ಒಣಗಿದ ಮಣ್ಣು. ಆಕೆಯ ಕಾಲಿಗೆ ಮಾತ್ರ ಅದು ನೀರು. ಎಲ್ಲಿಯೂ ನೇರ ಹೋಗಲಿಲ್ಲ. ನೀರು ಹೇಗೆ ತಗ್ಗಿಗೆ ನುಗ್ಗಿ ದಿಣ್ಣೆಯನ್ನು ಸುತ್ತುವುದೋ ಹಾಗೆ ಸುತ್ತಿ ಸುತ್ತಿ ಹೋದರು. ಒಂದು ಕಡೆ ನಾನು ಅಡ್ಡದಾರಿ ಹಿಡಿಯಲು ಎಡಕ್ಕೆ ಇಳಿದೆ.

“ಈ ಕಡೀಕ್ ಬನ್ನಿ ಮೇಡಮ್ನೋರೆ. ಕಾಲ್ ಒದ್ದೆ ಆಯ್ತದೆ.”

ನಾನು ಥಟ್ಟನೆ ಕಾಲು ಹಿಂದೆಗೆದೆ. ಚಪ್ಪಲಿಯನ್ನು ನೋಡಿಕೊಂಡೂಬಿಟ್ಟೆ. ಆಕೆಗೆ ನಗು ತಡೆಯಲಾಗಲಿಲ್ಲ. “ನಿಮ್ಗೂ ಕಂಡ್ತಾ ನೀರು!”

ಹನ್ನೊಂದರ ಹೊತ್ತಿಗೆ ಏರಿಯ ಇನ್ನೊಂದು ತುದಿ ಮುಟ್ಟಿದೆವು. ಬಿಸಿಲು ಬಂದಿತ್ತು. ಏರಿಯ ಕೆಳಗೆ ಎರಡು ಬಾವಿ. ಒಂದರಿಂದ ಗುಬ್ಬಿಯ ಹಳ್ಳಿ ಕುಡಿಯುತ್ತದೆ, ಇನ್ನೊಂದರಿಂದ ಕುಣಿಗಲ್ಲಿನ ಹಳ್ಳಿ. ಕೆರೆಗೆ ಒಂದು ಮಳೆಯ ನೀರು ಬಂದರೂ ಎಂಟು ಹತ್ತು ದಿನಕ್ಕೆ ಬಾವಿಯಲ್ಲಿ ಮಟ್ಟ ಏರುತ್ತದಂತೆ. ಇಣುಕಿ ನೋಡಿದೆ. ತಳದಲ್ಲಿ ನಾಣ್ಯದಷ್ಟು ಆಕಾಶವಿತ್ತು. ನಾನು ಕೆಂಪು ಗೆರೆ ಎಳೆದ ಜಾಗದಿಂದ ಇಳಿಯುವುದೆಲ್ಲ ಇಲ್ಲಿಗೇ ಬರುತ್ತದೆ ಎಂಬುದು ಆಗ ಹೊಳೆಯಿತು.

“ಯಾಕವ್ವ ಅಳೀತಾ ಇರೋದು? ಹೂಳು ಎತ್ತುಸ್ತಾರಾ?”

ಸಾಹೇಬ್ರು ನನ್ನ ಮುಖ ನೋಡಿದರು. ಸುಳ್ಳು ಹೇಳುವುದು ಸುಲಭವಿತ್ತು. ಹೇಳಿದೆ: ನಕ್ಷೆಯಲ್ಲಿ ಇದು ಕೆರೆ ಅಂತ ಇಲ್ಲ, ಖಾಲಿ ಜಾಗ ಅಂತಿದೆ, ಊರ ಕಸ ತಂದು ಸುರಿಯಲು ಪಟ್ಟಿಯಲ್ಲಿ ಮೊದಲನೆಯದಾಗಿ ಹೋಗುತ್ತಿದೆ.

ಆಕೆ ಸೊಂಟದ ಕತ್ತಿ ತೆಗೆದು ಏರಿಯ ಮೇಲಿಟ್ಟರು. “ಕೆರೆ ಅಲ್ಲ ಅಂತ ಬರ್ದೋರು ಯಾರು?”

“ನಾನೇ.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬಾವಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, “ಒಂದ್ ದಪ ಬಂದು ಬರ್ದಿದ್ರೆ ಆಯ್ತಿತ್ತಲ್ಲ ಮಗಾ,” ಎಂದರು. ಅಷ್ಟೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಸಾಹೇಬ್ರೂ ನಾನೂ ಬಿಸ್ಕತ್ತಿನ ಪೊಟ್ಟಣ ಬಿಚ್ಚಲೇ ಇಲ್ಲ.

ಸಂಯೋಜಕರು ಎಲ್ಲ ಕೇಳಿಸಿಕೊಂಡು ತಲೆ ಹಿಡಿದುಕೊಂಡರು. “ನಿಯಮ ನಿಮ್ದು. ಏಳು ಜನ ಸೈನ್ ಹಾಕಿದಾರೆ. ಇದೊಂದು ಕೆರೆಗೆ ನಿಯಮ ಬಿಟ್ರೆ ಗಡಿ ಉದ್ದಕ್ಕೂ ಮತ್ತೆ ನೋಡ್ಬೇಕಾಗುತ್ತೆ. ಮೂರು ತಿಂಗಳ ಕೆಲಸ ಮೇಡಂ.” ಆದರೂ ಸಮಿತಿಗೆ ಪಟ್ಟಿ ಹೋಗುವ ಹಿಂದಿನ ಮಧ್ಯಾಹ್ನ ನಕ್ಷೆಯ ಕೋಣೆಯಲ್ಲೇ ಎಲ್ಲರನ್ನೂ ಕರೆದರು.

ನಾನು ಸಿದ್ಧವಾಗಿಯೇ ಹೋಗಿದ್ದೆ. ಯಂತ್ರದ ಚುಕ್ಕೆಗಳನ್ನು ಕೂಡಿಸಿದ ಗೆರೆ, ಕೋಡಿಯ ಮಟ್ಟದ ಲೆಕ್ಕ, ಬಾವಿಗಳ ಜಾಗ. ಹತ್ತು ನಿಮಿಷ ಮಾತಾಡಿದೆ. ಭೂಮಾಪನದ ಅಧಿಕಾರಿ ಹಿಂದಿನ ಸಭೆಯ ನಡಾವಳಿಯ ಪುಟ ತಿರುಗಿಸಿ ನನ್ನ ಮಾತುಗಳನ್ನೇ ಓದಿದರು. ಊರಿನವರು ತಮಗೆ ಬೇಕಾದ್ದನ್ನು ಹೇಳುತ್ತಾರೆ. ಬೇಕು ಎನ್ನುವುದು ಸಾಕ್ಷಿಯಾಗುವುದಿಲ್ಲ. ಯಾವ ಇಲಾಖೆಯ ಮಾತೂ ಹೆಚ್ಚಲ್ಲ.

“ಅವತ್ತು ಸರಿ ಅನ್ಸಿದ್ದು ಇವತ್ತು ತಪ್ಪು ಹೆಂಗಾಯ್ತು ಮೇಡಂ? ಒಬ್ಬರು ಮರುಗಿದಾಗ್ಲೆಲ್ಲಾ ನಕ್ಷೆ ತಿದ್ದೋಕಾಗುತ್ತಾ?”

ಅವರ ವಾದ ಚೆನ್ನಾಗಿತ್ತು. ನನ್ನದೇ ಆಗಿತ್ತಲ್ಲ. ಅದನ್ನು ಒಡೆಯಲು ನನಗೆ ಎರಡು ದಾರಿ ಹೊಳೆದವು. ಎರಡೂ ಜಾಣತನದ ದಾರಿಗಳು. ಒಂದನ್ನು ಶುರು ಮಾಡಲು ಬಾಯಿ ತೆರೆದವಳು ನಿಲ್ಲಿಸಿಬಿಟ್ಟೆ. ಹೀಗೆ ಮಾತಿನಲ್ಲಿ ಗೆದ್ದೇ ಆ ಕೆರೆಯನ್ನು ಅಳಿಸಿದ್ದೆ. ಇನ್ನೊಮ್ಮೆ ಮಾತಿನಲ್ಲಿ ಗೆದ್ದು ಬರೆದರೆ, ನನಗಿಂತ ಚೆನ್ನಾಗಿ ಮಾತಾಡುವವರು ಬಂದ ದಿನ ಅದು ಮತ್ತೆ ಅಳಿಸಿ ಹೋಗುತ್ತದೆ.

“ವಾದ ಇಲ್ಲ ಸರ್,” ಎಂದೆ. “ನೀರಿನ ಪದರದ ಮೇಲಿರೋ ನನ್ನ ಸಹಿ ವಾಪಸ್ ತಗೋತೀನಿ. ಸಿದ್ಧಪಡಿಸಿದವಳು ಇದು ಪೂರ್ತಿ ಆಗಿಲ್ಲ ಅಂತ ಹೇಳ್ತಿದೀನಿ. ಹಾಗಂತ ಬರ್ಕೊಳ್ಳಿ.”

ಕುರ್ಚಿಗಳು ಕಿರಗುಟ್ಟಿದವು. ಎಂಟನೆಯ ಸಹಿ ಇಲ್ಲದೆ ಪದರವಿಲ್ಲ, ಪದರವಿಲ್ಲದೆ ಕಸದ ಪಟ್ಟಿಗೆ ಬುಡವಿಲ್ಲ. ಒಬ್ಬರು ಇದು ಬ್ಲಾಕ್‌ಮೇಲ್ ಎಂದರು. ಗುತ್ತಿಗೆಯ ಕೆಲಸದವರಿಗೆ ಇಷ್ಟು ಸಲಿಗೆ ಕೊಟ್ಟಿದ್ದೇ ತಪ್ಪು ಎಂದರು ಇನ್ನೊಬ್ಬರು. ಸಂಯೋಜಕರು ಕನ್ನಡಕ ಒರೆಸುವುದನ್ನೇ ಮರೆತು ನನ್ನನ್ನು ನೋಡುತ್ತಿದ್ದರು.

ಆ ಗಲಾಟೆಯ ನಡುವೆ ಮೂಲೆಯಲ್ಲಿದ್ದ ಸಾಹೇಬ್ರು ಎದ್ದು ಹೋಗಿ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿದರು. ಕೋಣೆ ನೀರೊಳಗಿಳಿದಂತೆ ಮಬ್ಬಾಯಿತು, ಮಾತು ತಾನಾಗಿ ತಗ್ಗಿತು. ಪಶ್ಚಿಮದ ಕಿಟಕಿಯ ಒಂದು ಬಾಗಿಲನ್ನಷ್ಟೇ ತೆರೆದರು. ಎರಡು ಹಾಳೆಗಳನ್ನು ಕಿಟಕಿಯ ಬುಡದ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿಟ್ಟರು.

“ನಂಗೆ ಮಾತಾಡೋಕೆ ಬರಲ್ಲ ಸ್ವಾಮಿ. ಒಂದು ಗೆರೆ ತೋರಿಸ್ತೀನಿ. ಬಗ್ಗಿ ನೋಡ್ಬೇಕು, ನಿಂತ್ಕೊಂಡ್ರೆ ಕಾಣಲ್ಲ.”

ಮೊದಲು ಇಂಜಿನಿಯರು ಬಗ್ಗಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೆನ್ನೆ ಮೇಜಿಗೆ ತಾಗುವಷ್ಟು ಬಗ್ಗಿದರು. ಓರೆ ಬಿಸಿಲಿನಲ್ಲಿ ನೆರಳಿನ ಗೆರೆ ಗುಬ್ಬಿಯ ಹಾಳೆಯಲ್ಲಿ ಹೊರಟು, ಅಂಚು ದಾಟಿ, ಇನ್ನೊಬ್ಬರ ಕೈಯ ಗೆರೆಯಾಗಿ ಕುಣಿಗಲ್ಲಿನ ಹಾಳೆಯಲ್ಲಿ ಮುಂದುವರಿದು, ಸುತ್ತು ಹಾಕಿ ಬಂದು ತನ್ನನ್ನೇ ಸೇರಿಕೊಂಡಿತು. ಅಂಚಿನಲ್ಲಿ ಕೂದಲಿನಷ್ಟೂ ತಪ್ಪಿರಲಿಲ್ಲ. ಸಾಹೇಬ್ರು ಅದರ ಮೇಲೆ ನಾನು ಮುದ್ರಿಸಿದ್ದ ಪಾರದರ್ಶಕ ಹಾಳೆಯನ್ನು ಇಟ್ಟರು. ನೀರುಗಂಟಿಯ ಹೆಜ್ಜೆಗಳು ಆ ನೆರಳಿನ ಮೇಲೇ ಹೋಗುತ್ತಿದ್ದವು, ಎರಡು ಕಡೆ ಬಿಟ್ಟು.

“ಇದನ್ನ ಒರೆಸಿದ್ದು ನಾನು,” ಎಂದರು ಸಾಹೇಬ್ರು. “ಸರ್ವೀಸಲ್ಲಿ ಒಂದು ರಿಮಾರ್ಕ್ ಇರ್ಲಿಲ್ಲ ನಂಗೆ. ಈಗ ಹಾಕ್ಕೊಳ್ಳಿ.”

ಭೂಮಾಪನದ ಅಧಿಕಾರಿ ಉಗುರಿನ ತುದಿಯನ್ನು ತಗ್ಗಿನೊಳಗಿಟ್ಟು ಇಡೀ ದಡ ಸುತ್ತಿದರು. ಸುತ್ತು ಮುಗಿದ ಮೇಲೆ ಎದ್ದು ನಿಂತು, ಬೆನ್ನು ನೀವಿಕೊಂಡು, “ನಮ್ಮ ಹಾಳೆಯಲ್ಲೇ ಇದೆಯಲ್ರೀ,” ಎಂದರು, ಯಾರಿಗೋ ದೂರು ಹೇಳುವಂತೆ.

ಆ ಸಂಜೆಯೇ ಎಲ್ಲ ಸರಿಹೋಗಲಿಲ್ಲ. ಜಾಗವನ್ನು ಪಟ್ಟಿಯಿಂದ ತೆಗೆದರು ಅಷ್ಟೇ. ಹೊಸ ನಿಯಮಕ್ಕೆ ಇನ್ನೂ ಮೂರು ಸಭೆ ಬೇಕಾದವು. ತಾಲ್ಲೂಕಿನ ಅಂಚಿನ ಹಾಳೆಗಳನ್ನು ಕೂಡಿಸುವ ಮುನ್ನ ಎರಡೂ ಕಡೆಯ ಅಳತೆ ಮಾಡುವ ಮೋಜಣಿದಾರರು ಒಟ್ಟಿಗೆ ಹೋಗಿ ನಡೆಯಬೇಕು, ಆ ನೀರನ್ನು ಹಾಯಿಸುವವರು ಯಾರೋ ಅವರು ಜೊತೆಗಿರಬೇಕು, ಅವರು ತೋರಿಸಿದ್ದನ್ನು ಮಟ್ಟ ಹಿಡಿದು ಪರೀಕ್ಷಿಸಬೇಕು. ಪರೀಕ್ಷೆಯ ಮಾತನ್ನು ಸೇರಿಸಿದ್ದು ನಾನು. ಎಲ್ಲರ ಕಾಲೂ ಆಕೆಯ ಕಾಲಿನಂತಿರುವುದಿಲ್ಲ. ಪಟ್ಟಣದ ಕಸ ಬೇರೆ ಎಲ್ಲಿಗೋ ಹೋಗಲೇಬೇಕಿತ್ತು, ಹೋಯಿತು. ಅಲ್ಲಿ ಏನಿತ್ತು ಎಂದು ನಾನು ಹೋಗಿ ನೋಡಿ ಬಂದೆ. ನಕ್ಷೆಯಲ್ಲಿ ಬಂಡೆ ಎಂದಿತ್ತು, ನೆಲದ ಮೇಲೂ ಬಂಡೆಯೇ.

ಮಸಿ ಹಾಕುವ ದಿನ ಸಾಹೇಬ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಗುಬ್ಬಿಯ ಹಾಳೆಗೆ ಮೊದಲು ಹಾಕಲೋ ಕುಣಿಗಲ್ಲಿನದಕ್ಕೋ ಎಂದು ಅರ್ಧ ಗಂಟೆ ಸುಮ್ಮನೆ ಕೂತಿದ್ದರು.

“ಯಾವುದಕ್ಕಾದ್ರೂ ಹಾಕಿ ಸಾಹೇಬ್ರೆ,” ಎಂದೆ.

“ಸುಮ್ನಿರಮ್ಮ. ಅವ್ರಿಲ್ಲ ಈಗ. ಅವ್ರ ಹಾಳೆಗೇ ಮೊದ್ಲು.”

ಗೆರೆ ಒಣಗಿದ ಮೇಲೆ ನಾನು ಅದರ ಮೇಲೆ ನಡೆದು ಕಂಪ್ಯೂಟರಿಗೆ ಇಳಿಸಿದೆ. ಪ್ರತಿ ಗೆರೆಗೂ ಆಧಾರ ಏನೆಂದು ತುಂಬುವ ಒಂದು ಅಂಕಣವಿತ್ತು. ಒಂದು ಎಂದರೆ ಗ್ರಾಮನಕ್ಷೆ, ಎರಡು ಎಂದರೆ ಅಚ್ಚಾದ ನಕ್ಷೆ, ಮೂರು ಎಂದರೆ ಉಪಗ್ರಹ. ಪಟ್ಟಿಯ ಕೆಳಗೆ ಹೊಸದೊಂದು ಸಾಲು ಸೇರಿಸಿದೆ. ನಾಲ್ಕು: ನಡೆದು ತೋರಿಸಿದ್ದು.

ಮಾರ್ಚಿನಲ್ಲಿ ಒಂದು ಪ್ರತಿ ಮಡಚಿಕೊಂಡು ಒಬ್ಬಳೇ ಹೋದೆ. ಕೆರೆ ಹಾಗೇ ಒಣಗಿತ್ತು, ತೂಬಿನ ಬಾಯಿ ಹಾಗೇ ಚೊಕ್ಕಟವಿತ್ತು. ಏರಿಯ ಮೇಲೆ ನಕ್ಷೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟೆವು. ಆಕೆ ಬಹಳ ಹೊತ್ತು ನೀಲಿಯನ್ನೇ ನೋಡಿದರು. ತೂಬು ಎಲ್ಲಿ ಎಂದು ಕೇಳಿ, ತೋರಿಸಿದ ಮೇಲೆ ಅದರ ಮೇಲೆ ಬೆರಳಿಟ್ಟರು.

“ಇನ್ನು ಇದ್ನ ಯಾರೂ ಅಳ್ಸಕಾಗಲ್ವಾ?”

ಆಗಲ್ಲ ಎಂದುಬಿಡಲು ನನಗೆ ಮನಸ್ಸು ಬರಲಿಲ್ಲ. “ಅಳಿಸ್ಬೋದು. ಆದ್ರೆ ಏಳು ಆಫೀಸಿನವ್ರೂ ಒಟ್ಟಿಗೆ ಕೂತು, ಹೌದು ಅಂತ ಒಪ್ಪಿ, ಏಳು ಜನಾನೂ ಸೈನ್ ಹಾಕ್ಬೇಕು.”

“ಏಳು ಆಫೀಸಿನೋರೂ ಒಪ್ಪದಾ?” ಆಕೆ ನಕ್ಷೆಯ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟು ಮತ್ತೆ ಕತ್ತಿ ಎತ್ತಿಕೊಂಡರು. “ಹಂಗಾದ್ರೆ ಕೆರೆ ಉಳ್ಕೊತು ಬುಡು.”